ಒಳಗ ಮಲ್ಕೊಂಡಾಳ

ಕಳೆದ ತಿಂಗಳು ಉಗ್ರಾಣ ತೆರವು ಮಾಡುವಾಗ ಹಳೆಯ ತಗಡಿನ ಟ್ರಂಕೊಂದು ಸಿಕ್ಕಿತು. ಅದರ ಮೇಲೆ ಒಡೆದ ಬಕೆಟ್ಟುಗಳು, ಬಣ್ಣ ಹೋದ ಸೂಚನಾ ಫಲಕಗಳು, ಯಾವ ಕಾಲದ್ದೋ ಒಂದು ಮುರುಕು ಛತ್ರಿ. ಚಿಲಕ ತುಕ್ಕು ಹಿಡಿದಿತ್ತು. ಕಲ್ಲಿನಿಂದ ಎರಡು ಏಟು ಹಾಕಿದ ಮೇಲೆ ಬಾಯಿ ಬಿಟ್ಟಿತು. ಒಳಗಿನಿಂದ ಡಾಂಬರು ಗುಳಿಗೆಯ ವಾಸನೆ ಬಂತು, ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಡುತ್ತೇವಲ್ಲ, ಆ ಬಿಳಿ ಗುಳಿಗೆ. ಅದರ ಹಿಂದೆಯೇ ಒಣಗಿದ ಬೇವಿನ ಎಲೆಯ ವಾಸನೆ, ಗರಿಗಳ ವಾಸನೆ... ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಕೆಲಸಕ್ಕೆ ಬಂದಿದ್ದ ಹೆಣ್ಣುಮಗಳು, "ಏನಾತ್ರಿ ಮೇಡಮ್, ಹಾವೇನರ ಐತೇನ್ರಿ?" ಎಂದು ಗಾಬರಿಯಿಂದ ಕೇಳಿದಳು. ಹಾವಿನ ಪೊರೆ ಇತ್ತು, ಹಾವು ಇರಲಿಲ್ಲ.

ಆ ಟ್ರಂಕು ಅಕ್ಕೋರದು.

ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಅನ್ನುವುದು. ಅವರು ಪಾಠ ಹೇಳುತ್ತಿದ್ದ ಜಾಗಕ್ಕೆ ಗೋಡೆ ಇರಲಿಲ್ಲ, ಕಬ್ಬಿಣದ ಜಾಲರಿ ಇತ್ತು. ಪೀರನವಾಡಿ ದಾಟಿ ಖಾನಾಪುರದ ಕಡೆ ಹೋಗುವ ರಸ್ತೆಯಲ್ಲಿದ್ದ ಆ ಸಣ್ಣ ಪ್ರಾಣಿ ಸಂಗ್ರಹಾಲಯದಲ್ಲಿ ನಾವು ಮೂವರು ಶಿಕ್ಷಣ ವಿಭಾಗದವರು. ವಿಭಾಗ ಎಂದರೆ ಒಂದು ಮೇಜು, ಒಂದು ಮೈಕು, ಈ ಟ್ರಂಕು. ಕನ್ನಡ ಶಾಲೆಯ ಮಕ್ಕಳು ಬಂದರೆ ಅಕ್ಕೋರು ಇಲ್ಲವೇ ನಾನು. ಮರಾಠಿ ಶಾಲೆಯವರು ಬಂದರೆ ಪೀರನವಾಡಿಯ ಒಬ್ಬ ಗೆಳೆಯ, ಮೊದಲು ರಿಕ್ಷಾ ಓಡಿಸುತ್ತಿದ್ದವನು, ಮಾತಿನ ಮಲ್ಲ. ಮೂವರೂ ಹೊರಗುತ್ತಿಗೆಯವರು. ಜನ ನಮ್ಮನ್ನು ಗೈಡು ಅನ್ನುತ್ತಿದ್ದರು, ಕೆಲವರು "ಏ ಸಿಬ್ಬಂದಿ" ಎಂದೂ ಕರೆಯುತ್ತಿದ್ದರು.

ಅಕ್ಕೋರು ಪಾರಿಶ್ವಾಡದ ಒಕ್ಕಲುತನದ ಮನೆಯವರು. ಐವತ್ತು ದಾಟಿತ್ತು. ಬೆಳಗ್ಗೆ ಲಿಂಗಪೂಜೆ ಮುಗಿಸದೆ ನೀರು ಕುಡಿಯುತ್ತಿರಲಿಲ್ಲ. ಹಣೆಯ ವಿಭೂತಿ ಮಧ್ಯಾಹ್ನದ ಬಿಸಿಲಿಗೂ ಅಳಿಸುತ್ತಿರಲಿಲ್ಲ. ಖಾಸಬಾಗದ ಒಂದು ಓಣಿಯಲ್ಲಿ ಬಾಡಿಗೆ ಮನೆ, ಒಬ್ಬರೇ. ನಾನು ಖಾನಾಪುರದ ಕಡೆಯ ಕುರಿಗಾರರ ಮನೆಯವಳು. ನಮ್ಮಜ್ಜ ಸಾಯುವ ತನಕ ಕುರಿಯ ಹಿಂದೆಯೇ ನಡೆದ. ಡಿಗ್ರಿ ಮುಗಿಸಿ ನಾನು ಈ ಕೆಲಸಕ್ಕೆ ಸೇರಿದಾಗ ನಮ್ಮವ್ವ, "ಕುರಿ ಬಿಟ್ಟು ಕರಡಿ ಹಿಡದ್ಲು ನನ್ನ ಮಗಳು" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಅದು ಹೆಮ್ಮೆಯೋ ಹಂಗಿಸುವುದೋ ಇವತ್ತಿಗೂ ನನಗೆ ತಿಳಿದಿಲ್ಲ.

ಕೆಲಸಕ್ಕೆ ಸೇರಿದ ಎರಡನೇ ವಾರ ನಾನು ನೀರಿನ ಟಾಕಿಯ ಹಿಂದೆ ನಿಂತು ಅತ್ತೆ. ಒಬ್ಬ ತಾಯಿ ನನ್ನ ಕಡೆ ಬೆರಳು ಮಾಡಿ ಮಗನಿಗೆ, "ಓದಲಿಲ್ಲಂದ್ರ ನೋಡ, ಹಿಂಗ ಕರಡಿ ಕಾಯ್ಬೇಕಾಗ್ತೈತಿ" ಎಂದಿದ್ದಳು. ನಾನು ಆಗಲೂ ಕೈಯಲ್ಲಿ ಮೈಕು ಹಿಡಿದು ನಗುತ್ತಲೇ ಇದ್ದೆ. ನಗುವುದು ನಮ್ಮ ಕೆಲಸದ ಒಂದು ಭಾಗ. ಜಿಂಕೆಗೆ ಕಲ್ಲು ಹೊಡೆದವನಿಗೂ ನಗುತ್ತ ಹೇಳಬೇಕು, "ಟಿಕೆಟ್ ತಗೊಂಡೀವಿ, ಎಬ್ಬಸ್ರಿ ಅದನ್ನ" ಎಂದು ಜಾಲರಿ ಬಡಿಯುವವನಿಗೂ ನಗುತ್ತ ಹೇಳಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಲ್ಲಿ ಇಲಿ ಯಾರು ಅಂತ ಕೇಳಿದರೆ ಪ್ರಾಣಿಗಳ ಜೊತೆ ನಮ್ಮನ್ನೂ ಸೇರಿಸಬೇಕಾಗುತ್ತದೆ.

ಅಕ್ಕೋರು ನನ್ನನ್ನು ಅಲ್ಲಿ ಕಂಡರು. ಯಾಕೆ ಅಳುತ್ತೀ ಎಂದು ಕೇಳಲಿಲ್ಲ. "ನಾಕೂವರಿಗಿ ಶೆಡ್ಡಿನ ಹಿಂದ ಬಾ ತಂಗಿ, ಟ್ರಂಕಿನ ಕೆಲಸ ಐತಿ" ಎಂದು ಹೋದರು.

ಟ್ರಂಕಿನಲ್ಲಿ ಮಕ್ಕಳಿಗೆ ಮುಟ್ಟಿ ನೋಡಲು ಕೊಡುವ ವಸ್ತುಗಳಿದ್ದವು. ಮುಳ್ಳುಹಂದಿ ಉದುರಿಸಿದ ಮುಳ್ಳು, ಹಾವಿನ ಪೊರೆ, ಕಳಚಿ ಬಿದ್ದ ಕಡವೆ ಕೊಂಬು, ನವಿಲಿನ ಗರಿ, ಕೆಂಪು ದಾರದಲ್ಲಿ ಕಟ್ಟಿದ ಒಂದು ಹಿಡಿ ಕರಡಿ ಕೂದಲು. ದಿನವೂ ನೂರಾರು ಕೈ ತಾಗಿ ಜಿಡ್ಡಾಗುತ್ತಿದ್ದವು. ಕೊನೆಯ ಶಾಲೆಯ ಬಸ್ಸು ಗೇಟು ದಾಟಿದ ಮೇಲೆ ಮೇವು ಕತ್ತರಿಸುವ ಶೆಡ್ಡಿನ ಹಿಂದೆ, ಬೋರಲು ಹಾಕಿದ ತರಕಾರಿ ಕ್ರೇಟುಗಳ ಮೇಲೆ ಮೂವರೂ ಕುಳಿತು ಅವನ್ನು ಒರೆಸಿ, ಬೇವಿನ ಎಲೆ ಬದಲಿಸಿ, ಒಳಗೆ ಇಡುತ್ತಿದ್ದೆವು. ಒರೆಸುವುದು ನೆಪ. ಯಾರ ಕೈಯಲ್ಲಿ ವಸ್ತು ಇದೆಯೋ ಅವರು ಆ ದಿನ ಗಂಟಲಲ್ಲಿ ಉಳಿದದ್ದನ್ನು ಹೇಳಬೇಕು. ಉಳಿದವರು ಕೇಳಬೇಕು, ಅಷ್ಟೇ. ಹೇಳಿ ಮುಗಿದ ಮೇಲೆ ವಸ್ತುವನ್ನು ಟ್ರಂಕಿನಲ್ಲಿ ಇಡುವುದು. ಎಲ್ಲರದೂ ಆದ ಮೇಲೆ ಮುಚ್ಚಳ ಹಾಕುವುದು.

"ಕೇಳ್ರಿ, ಬುದ್ಧಿ ಮಾತ್ರ ಹೇಳಬ್ಯಾಡ್ರಿ" ಎನ್ನುವುದು ಅಕ್ಕೋರ ನಿಯಮ. "ಟ್ರಂಕ ಮುಚ್ಚಿದ ಮ್ಯಾಲ ಮಾತ ಮುಗೀತು. ಮನಿಗಿ ಒಯ್ಯೂ ಹಂಗಿಲ್ಲ."

ಅವತ್ತು ಮುಳ್ಳುಹಂದಿಯ ಮುಳ್ಳು ಹಿಡಿದುಕೊಂಡು ಆ ತಾಯಿಯ ಮಾತು ಹೇಳಿದೆ. ಹೇಳುತ್ತ ಮತ್ತೆ ಅತ್ತೆ. ಪೀರನವಾಡಿಯವನು ಹಾವಿನ ಪೊರೆ ಹಿಡಿದು, ಯಾರೋ ಕುಡಿದು ಬಂದವನು ತನ್ನ ಕೊರಳಪಟ್ಟಿ ಹಿಡಿದದ್ದನ್ನು ಹೇಳಿದ. ಕೊನೆಗೆ ಕರಡಿ ಕೂದಲು ಅಕ್ಕೋರ ಕೈಗೆ ಬಂತು. ಅವರು ಅದನ್ನು ಎರಡು ಸಲ ನೇವರಿಸಿ, "ನಂದೇನಿಲ್ಲವ್ವಾ" ಎಂದು ಒಳಗಿಟ್ಟು ಮುಚ್ಚಳ ಹಾಕಿದರು. ದಿನವೂ ಹಾಗೆಯೇ. ಕೊನೆಯ ವಸ್ತು ಅವರದು, ಕೊನೆಯ ಮಾತು "ನಂದೇನಿಲ್ಲ". ನಾವು ನಂಬಿದೆವು. ನಂಬುವುದು ನಮಗೆ ಅನುಕೂಲವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಆ ಕೂದಲು ಜೇನವ್ವನದು. ಜೇನವ್ವ ನಮ್ಮ ಕರಡಿ. ಖಾನಾಪುರದ ಕಾಡಂಚಿನ ಕಬ್ಬಿನ ಗದ್ದೆಯಲ್ಲಿ ತಾಯಿ ಇಲ್ಲದೆ ಸಿಕ್ಕ ಮರಿಯಂತೆ. ನಾನು ಬರುವ ಹೊತ್ತಿಗೆ ಹಲ್ಲು ಉದುರಿದ ಮುದುಕಿ. ಮಧ್ಯಾಹ್ನ ಮೂರರ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಮಲಗಿ ಮುಂಗಾಲು ಚೀಪುತ್ತಿತ್ತು. ಚೀಪುವಾಗ ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು, ಗುಂಯ್ ಎಂದು, ದೂರದಲ್ಲಿ ಯಾರೋ ಬೀಸುವ ಕಲ್ಲು ತಿರುಗಿಸುತ್ತಿರುವಂತೆ. ಅಕ್ಕೋರು ಮಕ್ಕಳನ್ನೆಲ್ಲ ಜಾಲರಿಯ ಮುಂದೆ ಕೂರಿಸಿ ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಕ... ಒಳಗ ಮಲ್ಕೊಂಡಾಳ. ಕೇಳ್ರಿ" ಅನ್ನುವರು. ಇನ್ನೂರು ಮಕ್ಕಳು ಉಸಿರು ಹಿಡಿದು ಕೇಳುತ್ತಿದ್ದರು. ಅಂಥ ಮೌನವನ್ನು ನಾನು ಯಾವ ಗುಡಿಯಲ್ಲೂ ಕಂಡಿಲ್ಲ.

ಕರಡಿ ಕೂದಲನ್ನು ತಾಯತದಲ್ಲಿ ಹಾಕಿ ಕಟ್ಟಿದರೆ ಮಕ್ಕಳು ಬೆಚ್ಚಿ ಬೀಳುವುದಿಲ್ಲ ಎಂದು ಕೇಳಿಕೊಂಡು ಬರುವವರಿದ್ದರು. ಅಕ್ಕೋರು ಅವರಿಗೆ, "ನಮ್ಮ ಜೇನವ್ವ ತಾನ ಪಟಾಕಿ ಸಪ್ಪಳಕ್ಕ ಮೂಲಿ ಸೇರತಾಳ. ಆಕಿ ಕೂದಲಾ ನಿಮ್ಮ ಕೂಸಿಗಿ ಎಲ್ಲಿ ಧೈರ್ಯ ಕೊಡತೈತ್ರಿ?" ಎಂದು ನಗುತ್ತಲೇ ಸಾಗಹಾಕುತ್ತಿದ್ದರು.

ಒಂದು ಶನಿವಾರ ಬೆಳಗ್ಗೆ ಜೇನವ್ವ ಏಳಲಿಲ್ಲ.

ವಯಸ್ಸಾಗಿತ್ತು, ಹೋಯಿತು. ಅಷ್ಟು ಸರಳವಾಗಿ ಹೇಳಿಬಿಡಬಹುದಿತ್ತು. ಆದರೆ ಸಂಗ್ರಹಾಲಯದ ಸಾಹೇಬರು ನಮ್ಮನ್ನು ಕರೆದು, ಮರಣೋತ್ತರ ಪರೀಕ್ಷೆಯ ವರದಿ ಬರುವ ತನಕ ಹೊರಗೆ ಸುದ್ದಿ ಹೋಗಬಾರದು, ಪೇಪರಿನವರು ಏನೇನೋ ಬರೆಯುತ್ತಾರೆ ಎಂದರು. ಅವರೂ ಹೆದರಿದ್ದರು, ಮೇಜಿನ ಮೇಲಿನ ಪೇಪರ್‌ವೇಟನ್ನು ಸುಮ್ಮನೆ ತಿರುಗಿಸುತ್ತಿದ್ದರು. ಮಕ್ಕಳು ಕೇಳಿದರೆ ಏನು ಹೇಳಬೇಕು ಎಂದು ಅಕ್ಕೋರು ಕೇಳಿದರು. "ದಿನಾ ಏನ ಹೇಳತೀರಿ, ಅದನ್ನ ಹೇಳ್ರಿ. ಒಳಗ ಮಲ್ಕೊಂಡೈತಿ ಅನ್ರಿ" ಎಂದರು. ನಿಮ್ಮ ನಿಮ್ಮಲ್ಲೂ ಈ ಮಾತು ಬೇಡ, ಗೋಡೆಗೂ ಕಿವಿ ಇರುತ್ತದೆ ಎಂದೂ ಸೇರಿಸಿದರು. ಬಾಯಿ ಬಿಟ್ಟರೆ ಬಣ್ಣಗೇಡು. ನಾವು ಹೊರಗುತ್ತಿಗೆಯವರು, ತಲೆಯಾಡಿಸಿ ಬಂದೆವು. ಅವತ್ತಿನಿಂದ ಶೆಡ್ಡಿನ ಹಿಂದೆ ಕೂರುವುದು ನಿಂತಿತು. ಯಾರೂ ನಿಲ್ಲಿಸೋಣ ಅನ್ನಲಿಲ್ಲ. ಮೂವರೂ ಒಟ್ಟಿಗೆ ಕೂತರೆ ಅದೊಂದೇ ಮಾತು ಬರುತ್ತಿತ್ತು, ಅದಕ್ಕೇ ಕೂರಲಿಲ್ಲ.

ಅದು ಶಾಲಾ ಪ್ರವಾಸದ ತಿಂಗಳು. ದಿನಕ್ಕೆ ನಾಲ್ಕೈದು ಬಸ್ಸು. ಹದಿನೈದು ದಿನ ನಾವು ಖಾಲಿ ಕೋಣೆಯ ಮುಂದೆ ತುಟಿಯ ಮೇಲೆ ಬೆರಳಿಟ್ಟು ನಿಂತೆವು. ನಾನು ಬೇಗ ಬೇಗ ಹೇಳಿ ಮಂಗಗಳ ಕಡೆ ಓಡಿಬಿಡುತ್ತಿದ್ದೆ. ಪೀರನವಾಡಿಯವನು ಆ ದಾರಿಯನ್ನೇ ಬಿಟ್ಟ. ಅಕ್ಕೋರು ಮಾತ್ರ ಮೊದಲಿನ ಹಾಗೆಯೇ ಮಕ್ಕಳನ್ನು ಕೂರಿಸಿ, "ಮೆಲ್ಲಕ" ಎಂದು ಹೇಳುತ್ತಿದ್ದರು. ಮಕ್ಕಳು ಕಿವಿಗೊಡುತ್ತಿದ್ದರು. ಒಂದು ಮಧ್ಯಾಹ್ನ ಒಬ್ಬ ಹುಡುಗ ಎದ್ದು ನಿಂತು, "ಅಕ್ಕೋರ, ಕೇಳಸ್ತ್ರಿ! ಗುಂಯ್ ಅಂತೈತಿ" ಎಂದ. ಉಳಿದವರೂ ಹೂಂ ಹೂಂ ಎಂದರು. ನಾನು ಪಕ್ಕದಲ್ಲೇ ಇದ್ದೆ. ಸುಳ್ಳು ಹೇಳಲಾರೆ, ನನಗೂ ಕೇಳಿಸಿತು. ನೀರಿನ ಪಂಪಿನ ಸದ್ದು ಇರಬೇಕು... ಇರಬೇಕು ಎಂದುಕೊಂಡೆ. ಅಕ್ಕೋರ ಮುಖ ನೋಡಿದರೆ ಹಣೆಯ ವಿಭೂತಿಗಿಂತ ಬೆಳ್ಳಗಾಗಿತ್ತು.

ವರದಿ ಬಂತು. ವಯಸ್ಸಿನಿಂದ ಆದ ಸಾವು ಎಂದೇ ಇತ್ತು. ಪೇಪರಿನಲ್ಲಿ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಯಾವ ತಾರೀಖಿಗೆ ಸತ್ತಿತು ಎಂಬುದೂ ಇತ್ತು. ಇನ್ನು ನಿಜ ಹೇಳಬಹುದು ಎಂದು ಸಾಹೇಬರು ಅಪ್ಪಣೆ ಕೊಟ್ಟರು.

ಅದಾದ ಎರಡನೇ ದಿನ ಅಕ್ಕೋರು ಮಕ್ಕಳನ್ನು ಕೂರಿಸಿಕೊಂಡು, "ಮೆಲ್ಲಕ... ಒಳಗ ಮಲ್ಕೊಂಡಾಳ" ಅನ್ನುತ್ತಿದ್ದುದು ನನ್ನ ಕಿವಿಗೆ ಬಿತ್ತು. ನಾನು ನಕ್ಕೆ. ಹೌದು, ನಕ್ಕೆ. ಬಾಯಿಪಾಠ ನಾಲಿಗೆ ಬಿಡುವುದಿಲ್ಲ ನೋಡು ಎಂದು ಪೀರನವಾಡಿಯವನಿಗೂ ಹೇಳಿ ನಗಿಸಿದೆ. ಅವರಿಗೂ ಹೋಗಿ, "ಅಕ್ಕೋರ, ಆಕಿನ್ನ ಇನ್ನೂ ಎಬ್ಬಸಲಿಲ್ಲೇನ್ರಿ?" ಎಂದು ಚೇಷ್ಟೆ ಮಾಡಿದೆ. ಅವರು ನನ್ನನ್ನು ಯಾರೋ ಗುರುತಿಲ್ಲದವರನ್ನು ನೋಡುವಂತೆ ನೋಡಿದರು. ಆಮೇಲೆ ನಕ್ಕರು, ಕೆಲಸದ ನಗು.

ಅವತ್ತು ಸಂಜೆ, ಎಷ್ಟೋ ದಿನದ ಮೇಲೆ, ಅವರೇ ಟ್ರಂಕು ಎತ್ತಿಕೊಂಡು ಶೆಡ್ಡಿನ ಹಿಂದೆ ಬಂದರು. ನಾವೂ ಹೋಗಿ ಕುಳಿತೆವು. ಪೀರನವಾಡಿಯವನು ಏನೋ ಹೇಳಿದ, ನಾನೂ ಏನೋ ಹೇಳಿದೆ. ಏನೆಂದು ನೆನಪಿಲ್ಲ, ಮುಖ್ಯವಾದದ್ದೇನೂ ಇರಲಿಲ್ಲ. ಕೊನೆಗೆ ಕರಡಿ ಕೂದಲು ಅಕ್ಕೋರ ಕೈಗೆ ಬಂತು. ಅವರು ನೇವರಿಸಿದರು. "ನಂದೇನಿಲ್ಲ" ಎಂಬ ಮಾತು ಬರಲಿಲ್ಲ. ಮತ್ತೆ ನೇವರಿಸಿದರು. ತುಟಿ ಒಂದಿಷ್ಟು ಅಲುಗಾಡಿತು. ಅತ್ತ ಗೇಟಿನಾಚೆ ಖಾನಾಪುರದ ಬಸ್ಸು ತಿರುವಿನಲ್ಲಿ ಹಾರ್ನು ಹಾಕಿದ್ದು ಕೇಳಿಸಿತು. ಆ ಬಸ್ಸು ತಪ್ಪಿದರೆ ಮುಂದಿನದಕ್ಕೆ ಮುಕ್ಕಾಲು ಗಂಟೆ ಕಾಯಬೇಕು.

"ಅಕ್ಕೋರ, ನನ್ನ ಬಸ್ಸು ಹೋಗತೈತ್ರಿ" ಎಂದು ಅವರ ಕೈಯಿಂದ ಆ ಕೂದಲು ತೆಗೆದುಕೊಂಡೆ, ಟ್ರಂಕಿನಲ್ಲಿ ಹಾಕಿದೆ, ಮುಚ್ಚಳ ಮುಚ್ಚಿದೆ.

ಅವರ ಬೆರಳುಗಳು ಇನ್ನೂ ಹಿಡಿದಂತೆಯೇ ಇದ್ದವು. "ಹೂಂ, ಹೋಗವ್ವಾ. ಹುಷಾರ" ಎಂದರು. ಟ್ರಂಕು ಮುಚ್ಚಿದ ಮೇಲೆ ಮಾತು ಮುಗಿಯಿತು ಎಂಬುದು ಅವರದೇ ನಿಯಮ. ಅದನ್ನು ಅವರು ಮುರಿಯಲಿಲ್ಲ. ನನಗೆ ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಆ ತಿಂಗಳ ಕೊನೆಗೆ ಅಕ್ಕೋರು ಕೆಲಸ ಬಿಟ್ಟರು. ಪಾರಿಶ್ವಾಡದಲ್ಲಿ ತಂಗಿಯ ಮನೆಯಲ್ಲಿ ಇರುತ್ತೇನೆ, ಮೊಣಕಾಲು ನೋವು ಎಂದರು. ಬೀಳ್ಕೊಡುವಾಗ ಶಾಲು ಹೊದಿಸಿದೆವು, ಫೋಟೊ ತೆಗೆಸಿಕೊಂಡೆವು. ಬರುತ್ತೇನೆ, ನೋಡುತ್ತೇನೆ ಎಂದು ನಾನು ನಾಲ್ಕು ಸಲ ಹೇಳಿದೆ. ಖಾನಾಪುರದಿಂದ ಪಾರಿಶ್ವಾಡವೇನು ಕಾಶಿಯೇ? ಆದರೂ ಹೋಗಲಿಲ್ಲ. ಮುಟ್ಟಿ ನೋಡಲು ಪ್ಲಾಸ್ಟಿಕ್ಕಿನ ಹೊಸ ಮಾದರಿಗಳು ಬಂದವು, ಟ್ರಂಕು ಉಗ್ರಾಣಕ್ಕೆ ಹೋಯಿತು, ಪೀರನವಾಡಿಯವನು ಮತ್ತೆ ರಿಕ್ಷಾಕ್ಕೆ ಹೋದ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಅವರ ತಂಗಿಯ ಫೋನು ಬಂತು. ನಾನು ಎಂಬತ್ತು ಮಕ್ಕಳ ಮುಂದೆ ಮೈಕು ಹಿಡಿದು ನಿಂತಿದ್ದೆ. "ಅಕ್ಕ ಹೋದ್ಲ್ರಿ, ಬೆಳಗ್ಗೆ, ಎದಿ ಹಿಡಕೊಂಡು" ಎಂದರು. ಫೋನು ಇಟ್ಟು ಮಕ್ಕಳಿಗೆ ನವಿಲು ಯಾಕೆ ಗರಿ ಉದುರಿಸುತ್ತದೆ ಎಂಬುದನ್ನು ಪೂರ್ತಿ ಹೇಳಿದೆ, ನಗುನಗುತ್ತ. ಸಂಜೆ ಅದನ್ನು ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಆಗ ಗೊತ್ತಾಯಿತು, ಆ ಶೆಡ್ಡಿನ ಹಿಂದೆ ನಾವು ಒರೆಸುತ್ತಿದ್ದದ್ದು ಏನನ್ನು ಎಂದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೂರನೇ ದಿನ ಪಾರಿಶ್ವಾಡಕ್ಕೆ ಹೋದೆ. ಹೊಲದ ಬದುವಿನ ಬಳಿ ಸಮಾಧಿಯ ಹಸಿ ಮಣ್ಣಿನ ಮೇಲೆ ಬಿಲ್ವಪತ್ರೆ ಬಾಡಿತ್ತು. ಮನೆಯಲ್ಲಿ ತಂಗಿ ಚಹಾ ಕೊಟ್ಟು, ತಾವಾಗಿಯೇ ಒಂದು ಮಾತು ತೆಗೆದರು.

"ಖಾಸಬಾಗದಾಗ ಅಕ್ಕನ ಓಣ್ಯಾಗ ಒಂದ ಹುಡಿಗಿ ಇತ್ತಂತ್ರಿ. ದಿನಾ ಬಂದು, ಕರಡಿ ಎದ್ದತೇನ್ರಿ ಅಕ್ಕೋರ, ಅಂತ ಕೇಳೂದಂತ. ಎದ್ದಿತ್ತು, ಉಂಡ ಮತ್ತ ಮಲ್ಕೊಂತು ಅಂತ ಅಕ್ಕ ಹೇಳೂದಂತ. ಆ ಕೂಸು ಬೆಲ್ಲ ಕೊಟ್ಟ ಕಳಸ್ತಿತ್ತಂತ, ಕರಡಿಗಿ ಕೊಡ್ರಿ ಅಂತ. ಆಮ್ಯಾಲ ಪೇಪರಿನ್ಯಾಗ ಬಂತಲ್ರಿ... ಕೂಸು ಬಾಗಲದಾಗ ನಿಂತು, ನೀವು ಸುಳ್ಳ ಹೇಳಿದ್ರಿ, ನನ್ನ ಬೆಲ್ಲ ಏನ ಮಾಡಿದ್ರಿ, ಅಂತ ಕೇಳ್ತಂತ. ಅವತ್ತಿನಿಂದ ಅಕ್ಕ ಆ ಕೂಸಿನ ಮನಿ ಮುಂದ ಹಾಯದ ಸುತ್ತ ಹಾಕಿ ಮನಿಗಿ ಹೋಗತಿದ್ಲಂತ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಯಾರೂ ಏನೂ ಅಂದಿರಲಿಲ್ಲ, ಆದರೂ ಅಂಗೈ ಸೀರೆಗೆ ಒರೆಸಿಕೊಂಡೆ. ಆ ಸಂಜೆ ಅವರ ತುಟಿಗೆ ಬಂದದ್ದು ಈ ಮಾತೇ ಇರಬೇಕು. ಅಥವಾ ಇದಕ್ಕಿಂತ ದೊಡ್ಡದು ಯಾವುದೋ ಇತ್ತೋ... ಇನ್ನು ಯಾರು ಹೇಳಬೇಕು?

ಹೊರಡುವಾಗ ತಂಗಿ ಇನ್ನೊಂದು ಹೇಳಿದರು. "ಮಧ್ಯಾಹ್ನ ಮೂರ ಗಂಟೆಕ್ಕ ಮನ್ಯಾಗ ಯಾರೂ ಜೋರ ಮಾತಾಡೂ ಹಂಗಿದ್ದಿಲ್ರಿ. ಮೆಲ್ಲಕ ಮಾತಾಡ್ರಿ ಅಂತ ಗೋಡಿಗಿ ಕಿವಿ ಕೊಟ್ಟ ಕುಂದರ್ತಿದ್ಲು. ಯಾರ ಮಲ್ಕೊಂಡಾರ ಅಂತ ನಾವೂ ಕೇಳಲಿಲ್ಲ."

ಈಗ ಜೇನವ್ವನ ಜಾಗದಲ್ಲಿ ಮುಳ್ಳುಹಂದಿಗಳಿವೆ. ಒಳಗಿನ ಕೋಣೆಗೆ ಬೀಗ. ಆದರೂ ಮೂರರ ಹೊತ್ತಿಗೆ ಅಲ್ಲಿ ದಾಟುವಾಗ ನನ್ನ ದನಿ ತಾನಾಗಿಯೇ ಇಳಿಯುತ್ತದೆ. ನನ್ನ ದನಿ ಇಳಿದದ್ದು ನೋಡಿ ಮಕ್ಕಳೂ ಸುಮ್ಮನಾಗುತ್ತಾರೆ, ಯಾಕೆಂದು ಅವರಿಗೆ ಗೊತ್ತಿಲ್ಲ. ಪಂಪು ಕೆಟ್ಟು ನಿಂತ ದಿನಗಳಲ್ಲೂ ನಾನು ಆ ಸದ್ದು ಕೇಳಿದ್ದೇನೆ. ಯಾರಿಗೂ ಹೇಳಿರಲಿಲ್ಲ.

ಈಗ ಇಲ್ಲಿ ನಾನೇ ಹಿರಿಯಳು. ನನ್ನ ಕೈಕೆಳಗೆ ಇಬ್ಬರು ಹೊಸ ಹೆಣ್ಣುಮಕ್ಕಳಿದ್ದಾರೆ. ಟ್ರಂಕು ಸಿಕ್ಕ ದಿನವೇ ಅವರಲ್ಲೊಬ್ಬಳು ನೀರಿನ ಟಾಕಿಯ ಹಿಂದೆ ಹೋಗಿ ಬಹಳ ಹೊತ್ತಾದರೂ ಬರಲಿಲ್ಲ. ಯಾರೋ ಅವಳ ವೀಡಿಯೊ ಮಾಡಿಕೊಂಡು, ಪ್ರಾಣಿಗಳನ್ನು ಉಪವಾಸ ಕೆಡವುವವರು ಇವರೇ ಎಂದು ಬೈದು ಹೋಗಿದ್ದರಂತೆ. ನಾನು ಯಾಕೆ ಅಳುತ್ತೀ ಎಂದು ಕೇಳಲಿಲ್ಲ. "ನಾಕೂವರಿಗಿ ಶೆಡ್ಡಿನ ಹಿಂದ ಬಾ ತಂಗಿ" ಎಂದೆ.

ಕ್ರೇಟು ಬೋರಲು ಹಾಕಿ ಮೂವರೂ ಕುಳಿತೆವು. ನಿಯಮ ಹೇಳಿಕೊಟ್ಟೆ. ಗರಿಗಳು ಪುಡಿಯಾಗಿದ್ದವು, ಮುಳ್ಳು, ಕೊಂಬು ಗಟ್ಟಿಯಾಗಿಯೇ ಇದ್ದವು. ಅವರು ಹೇಳಿದರು, ಅತ್ತರು, ಒಳಗಿಟ್ಟರು. ಕೊನೆಗೆ ಕೆಂಪು ದಾರದ ಆ ಕರಡಿ ಕೂದಲು ನನ್ನ ಕೈಗೆ ಬಂತು. ನೇವರಿಸಿದೆ. ನಂದೇನಿಲ್ಲ ಎಂಬ ಮಾತು ಎಷ್ಟು ಸಲೀಸಾಗಿ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ ಎಂದು ಅವತ್ತು ತಿಳಿಯಿತು. ಗೇಟಿನಾಚೆ ಹಾರ್ನು ಕೇಳಿಸಿತು.

"ಮೇಡಮ್, ನಿಮ್ಮ ಬಸ್ಸ್ರಿ" ಎಂದಳು ಟಾಕಿಯ ಹಿಂದೆ ಅತ್ತವಳು. ಆದರೆ ಕೈ ಚಾಚಲಿಲ್ಲ, ಕಾದಳು.

"ಹೋಗ್ಲಿ ಬಿಡು" ಎಂದೆ. ಹೇಳಿದೆ, ಮೊದಲಿನಿಂದ. ನಕ್ಕದ್ದು, ಕೈಯಿಂದ ಕಿತ್ತುಕೊಂಡದ್ದು, ಕಿಟಕಿಯ ಸೀಟು, ಹೋಗದೆ ಉಳಿದ ಎರಡು ವರ್ಷ, ಗೋಡೆಯ ಆಚೆ ಕೇಳುವ ಸದ್ದು. ಅವರಿಬ್ಬರೂ ಬುದ್ಧಿ ಹೇಳಲಿಲ್ಲ. ಹೇಳಿ ಮುಗಿಸಿ ಕೂದಲನ್ನು ಒಳಗಿಟ್ಟೆ. ಇನ್ನು ಮುಚ್ಚುವುದೇ ಎಂದು ಒಬ್ಬಳು ಮುಚ್ಚಳಕ್ಕೆ ಕೈ ಹಾಕಿದಳು. ಬೇಡ ಎಂದು ಅವಳ ಕೈ ಹಿಡಿದೆ.

ಅಕ್ಕೋರದು ಇನ್ನೂ ಆಗಿರಲಿಲ್ಲ.